ಹಿತ್ತಲ ಜೋಳದ ಕೂಳೆ

ಪ್ರತಿ ವರ್ಷ ಶಾಲೆ ಶುರುವಾದ ಎರಡನೆಯ ವಾರ ನಾನು ಬೋರ್ಡಿನ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯುತ್ತೇನೆ. ಎಡಗಡೆ ಸಸ್ಯ, ಬಲಗಡೆ ಪ್ರಾಣಿ. ಸಸ್ಯ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ, ಪ್ರಾಣಿ ಇನ್ನೊಂದನ್ನು ತಿಂದೇ ಬದುಕಬೇಕು. ಸಸ್ಯ ಬೇರೂರಿದಲ್ಲೇ ಇರುತ್ತದೆ, ಪ್ರಾಣಿ ಓಡಾಡುತ್ತದೆ. ಸಸ್ಯದ ಜೀವಕೋಶದ ಸುತ್ತ ಗಟ್ಟಿ ಗೋಡೆ, ಒಳಗೆ ದೊಡ್ಡದೊಂದು ರಸದಾನಿ. ಪ್ರಾಣಿಯ ಜೀವಕೋಶದ ಸುತ್ತ ಬರೀ ತೆಳ್ಳನೆಯ ಪೊರೆ. ಸಸ್ಯ ಇರುವಷ್ಟು ದಿನವೂ ಬೆಳೆಯುತ್ತದೆ, ಪ್ರಾಣಿ ಒಂದು ವಯಸ್ಸಿಗೆ ನಿಲ್ಲುತ್ತದೆ. ಹನ್ನೊಂದು ವರ್ಷದಿಂದ ಇದನ್ನೇ ಬರೆದು ಬರೆದು ಕಣ್ಣು ಮುಚ್ಚಿಕೊಂಡು ಬರೆಯುವ ಹಾಗಾಗಿದೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಬರುತ್ತದೆ, ಅಲ್ಲಿಗೆ ಮುಗಿಯಿತು.

ಈಗ ಆ ಗೆರೆ ಎಳೆದು ಅಲ್ಲಿಗೆ ಮುಗಿಯಿತು ಅನ್ನಲು ನನಗಾಗುವುದಿಲ್ಲ. ಎರಡು ವರ್ಷದ ಹಿಂದಿನ ಒಂದು ಭಾನುವಾರದಿಂದ ಹೀಗೆ.

ನಾನು ಬೆಳೆದದ್ದು ಶ್ರೀರಂಗಪಟ್ಟಣದ ಪೇಟೆಯೊಳಗೆ. ಅಪ್ಪನಿಗೆ ಆಫೀಸು, ಮನೆಗೆ ಪ್ಯಾಕೆಟ್ ಹಾಲು, ಅಂಗಳದಲ್ಲಿ ನಾಲ್ಕು ಕುಂಡ. ಮದುವೆಯಾಗಿ ಬಂದದ್ದು ಕ್ಯಾತನಹಳ್ಳಿ ಕಡೆಗೆ, ಕಬ್ಬು, ಭತ್ತ, ಕೊಟ್ಟಿಗೆ ಎಲ್ಲ ಇರುವ ಮನೆಗೆ. ಬಂದ ಮೊದಲ ವಾರವೇ ಸಗಣಿ ಎತ್ತಲು ಹೋದವಳನ್ನು ಅತ್ತೆ ತಡೆದು, “ಟೀಚರಮ್ಮಂಗೆ ಯಾಕವ್ವ ಈ ಕೆಲಸ, ಓಗು ಪುಸ್ತಕ ನೋಡ್ಕೊ” ಅಂದಿದ್ದರು. ಆಗ ಅದನ್ನು ಪ್ರೀತಿ ಅಂದುಕೊಂಡೆ. ಒಂಬತ್ತು ವರ್ಷ ಅದೇ ಮಾತು ಕೇಳಿದ ಮೇಲೆ ಪ್ರೀತಿಯೋ ಅನುಮಾನವೋ ಗೊತ್ತಾಗದೆ ಮೈಯುರಿಯುತ್ತಿತ್ತು. ಕೊಟ್ಟಿಗೆಯೊಳಗೆ ನಾನು ಕಾಲಿಟ್ಟರೆ ಸಾಕು, ಅತ್ತೆ ಎಲ್ಲಿದ್ದರೂ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ನಾನೇನು ಹಸುವನ್ನು ಕದ್ದುಕೊಂಡು ಹೋಗುತ್ತೇನಾ?

ಹಸು ಅಂದರೆ ಒಂದೇ ಒಂದು, ಕಪ್ಪು ಬಿಳಿ ಮಚ್ಚೆಯ ಸೀಮೆ ಹಸು. ಅದರ ತಾಯಿ ಕರು ಹಾಕಿ ಹತ್ತು ದಿನಕ್ಕೆ ಸತ್ತುಹೋಯಿತು. ಅತ್ತೆ ಆ ಕರುವನ್ನು ಬಾಟಲಿಯಲ್ಲಿ ಹಾಲು ಕುಡಿಸಿ, ತಮ್ಮ ಕೋಣೆಯ ಬಾಗಿಲ ಪಕ್ಕ ಗೋಣಿಚೀಲ ಹಾಸಿ ಮಲಗಿಸಿಕೊಂಡು ಬೆಳೆಸಿದರು. ಬೇರೆ ದನ ಇದ್ದಷ್ಟು ದಿನ ಅದಕ್ಕೆ ಬೇರೆಯೇ ಜಾಗ, ಮೇವು ನೀರಿಗೆ ಬೇರೆಯೇ ಬಾನಿ. ಆಮೇಲೆ ಬೇರೆಯವನ್ನು ಮಾರಿ ಇದೊಂದನ್ನು ಉಳಿಸಿಕೊಂಡರು. ಅದನ್ನು ಕರೆಯುವುದೂ “ಕೂಸೆ” ಅಂತಲೇ. ಆ ಭಾನುವಾರ ಅದಕ್ಕೆ ಏಳು ತಿಂಗಳು ತುಂಬಿತ್ತು, ಚೊಚ್ಚಲ ಗಬ್ಬ. ಅತ್ತೆ ದಿನಾ ಸಂಜೆ ಅದರ ಬಲಪಕ್ಕೆಗೆ ಅಂಗೈ ಒತ್ತಿ ಹಿಡಿದು ಒಳಗಿನ ಕರು ಒದೆಯುವುದನ್ನು ಕಾಯುತ್ತಿದ್ದರು. ಒದ್ದರೆ ಆ ದಿನ ಮನೆಯಲ್ಲಿ ಎಲ್ಲರಿಗೂ ಒಳ್ಳೆಯ ಮಾತು.

ಅವತ್ತು ಅಮಾವಾಸ್ಯೆ. ಅತ್ತೆಗೆ ಗಂಜಾಂನ ನಿಮಿಷಾಂಬ ಗುಡಿಗೆ ಹರಕೆ ಇತ್ತು, ಹಸು ಸುಸೂತ್ರವಾಗಿ ಈಯಲಿ ಅಂತಲೇ. ಬೆಳಿಗ್ಗೆ ನನ್ನ ಗಂಡ ಬೈಕು ತೆಗೆದರು, ಅತ್ತೆ ಹಿಂದೆ ಕೂತರು. ಕೂತ ಮೇಲೆ ನನ್ನನ್ನು ಕರೆದರು.

“ಮದ್ಯಾನಕ್ಕೆ ಒಣ ಉಲ್ಲು ಆಕು, ನೀರು ಕುಡ್ಸು. ಅಷ್ಟೇಯ. ಇತ್ತಲ ಕಡೀಕೆ ಓಗ್ಬ್ಯಾಡ.”

“ಯಾಕತ್ತೆ?”

“ಓಗ್ಬ್ಯಾಡ ಅಂದ್ನಲ್ಲ.”

ಬೈಕು ಹೋಯಿತು. ನಾನು ಬಾಗಿಲಲ್ಲಿ ನಿಂತು ಉರಿದುಕೊಂಡೆ. ಹಾಕು, ಕುಡಿಸು, ಹೋಗಬೇಡ. ಒಂಬತ್ತು ವರ್ಷಕ್ಕೆ ಮೊದಲ ಸಲ ಹಸುವನ್ನು ನನ್ನ ಕೈಗೆ ಬಿಟ್ಟು ಹೋಗುತ್ತಿದ್ದಾರೆ, ಅದರಲ್ಲೂ ಹಿತ್ತಲಿಗೆ ಹೋಗಬಾರದಂತೆ. ನಾಳೆ ಅಡುಗೆಮನೆಗೂ ಹೋಗಬೇಡ ಅನ್ನುತ್ತಾರೆ. ಹೀಗೆಲ್ಲ ಒಬ್ಬಳೇ ವಟಗುಟ್ಟಿಕೊಂಡು ಪಾತ್ರೆ ಕುಕ್ಕುತ್ತಾ ಬೆಳಗಿನ ಕೆಲಸ ಮುಗಿಸಿದೆ.

ಹನ್ನೊಂದು ಗಂಟೆ ದಾಟಿರಬೇಕು. ಬಿಸಿಲು ಏರಿತ್ತು. ಭತ್ತದ ಒಣಹುಲ್ಲಿನ ಒಂದು ಕಟ್ಟು ತಂದು ಬಾನಿಗೆ ಹಾಕಿದೆ. ಹಸು ಮೂಸಿ ನೋಡಿ ಮುಖ ತಿರುಗಿಸಿತು. ಗಬ್ಬದ ಹೊಟ್ಟೆ ಹೊತ್ತು ಆ ಧಗೆಯಲ್ಲಿ ನಿಂತಿದ್ದ ಅದನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ಕೊಟ್ಟಿಗೆಯ ಹಿಂದಿನ ಕಿಂಡಿಯಲ್ಲಿ ಹಿತ್ತಲು ಕಾಣುತ್ತಿತ್ತು. ಅಲ್ಲಿ ಅತ್ತೆ ಮೇವಿಗೆಂದು ಜೋಳ ಹಾಕಿದ್ದರು. ಅದನ್ನು ಕುಯ್ದು ತಿಂಗಳ ಮೇಲಾಗಿತ್ತು. ಆಮೇಲೆ ನಾಲೆಯಲ್ಲಿ ನೀರು ಬರುವುದು ನಿಂತು ಬುಡಗಳೆಲ್ಲ ಒಣಗಿ ಸತ್ತಂತಿದ್ದವು. ಹಿಂದಿನ ವಾರ ಒಂದು ಮಳೆ ಬಿದ್ದದ್ದೇ ತಡ, ಅದೇ ಬುಡಗಳಿಂದ ಕೂಳೆ ಎದ್ದಿತ್ತು. ಗೇಣುದ್ದದ ಚಿಗುರು, ಕಡುಹಸಿರು. ನೋಡಿದರೆ ನನಗೇ ತಿನ್ನಬೇಕು ಅನ್ನಿಸುವಷ್ಟು ಎಳೆಯದು.

ನಮ್ಮ ಕಡೆ ಕೂಳೆ ಅಂದರೆ ಯಾರಿಗೆ ತಾನೇ ಅನುಮಾನ? ಕಬ್ಬು ಕಡಿದ ಮೇಲೆ ಉಳಿದ ಬುಡದಿಂದ ಮತ್ತೆ ಬರುವ ಕೂಳೆ ಕಬ್ಬಿನಲ್ಲೇ ಅರ್ಧ ಊರು ಬದುಕುತ್ತದೆ. ಗದ್ದೆಯಲ್ಲಿ ಹೆಚ್ಚಾದ ಕಬ್ಬಿನ ಚಿಗುರನ್ನು ಅತ್ತೆ ಕಿತ್ತು ತಂದು ಇದೇ ಹಸುವಿನ ಮುಂದೆ ಹಾಕುವುದನ್ನು ನಾನು ಎಷ್ಟು ಸಲ ನೋಡಿದ್ದೇನೆ. ಹಸು ಕಣ್ಣು ಮುಚ್ಚಿ ತಿನ್ನುತ್ತಿತ್ತು. ಕಬ್ಬಿನದಾದರೇನು, ಜೋಳದ್ದಾದರೇನು, ಕೂಳೆ ಕೂಳೆಯೇ ಅಂದುಕೊಂಡೆ. ಹಾವು ಗೀವು ಇರಬಹುದೆಂದು ಅತ್ತೆ ಹೋಗಬೇಡ ಅಂದಿರಬೇಕು, ಹಾವಿಗೆ ನಾನೇನು ಹೆದರುವವಳಲ್ಲ. ಕುಡುಗೋಲು ತೆಗೆದುಕೊಂಡು ಹಿತ್ತಲಿಗೆ ಹೋಗಿ ಒಂದು ತೆಕ್ಕೆ ಕುಯ್ದು ತಂದೆ.

ಹಸು ತಕ್ಷಣ ತಿನ್ನಲಿಲ್ಲ. ಮೂತಿ ಚಾಚಿತು, ನನ್ನ ಮುಖ ನೋಡಿತು, ಹಿಂದಕ್ಕೆ ಸರಿಯಿತು. ಅದಕ್ಕೆ ಅಭ್ಯಾಸವಿದ್ದದ್ದು ಅತ್ತೆಯ ಕೈ. ನಾನು ಅದರ ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು ಕೆರೆದೆ. “ತಿನ್ನು ಕೂಸೆ, ನಾನೇನು ಹೊರಗಿನವಳಾ” ಅಂತ ಒಂದೊಂದೇ ಹಿಡಿ ಬಾಯಿ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತಿಗೆ ಒರಟು ನಾಲಿಗೆ ನನ್ನ ಅಂಗೈಗೆ ತಾಗಿತು. ಒಂದು ಹಿಡಿ ಹೋಯಿತು, ಇನ್ನೊಂದು ಹೋಯಿತು. ನನಗಾದ ಸಂತೋಷ ಹೇಳಲಾರೆ. ಒಂದು ಕೈಯಲ್ಲಿ ಮೇವು ಹಿಡಿದು ಇನ್ನೊಂದರಲ್ಲಿ ಫೋನು ತೆಗೆದು ಫೋಟೋ ಹೊಡೆದೆ. ಸಂಜೆ ಅತ್ತೆಗೆ ತೋರಿಸಬೇಕು, ನೋಡಿ ನನ್ನ ಕೈಯಿಂದಲೂ ತಿನ್ನುತ್ತದೆ ಅನ್ನಬೇಕು ಅಂದುಕೊಂಡು ಉಳಿದದ್ದನ್ನು ಬಾನಿಗೆ ಹಾಕಿ ಒಳಗೆ ಹೋದೆ.

ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕೊಟ್ಟಿಗೆಯಿಂದ ಸರಪಳಿಯ ಸದ್ದು ಬಂತು. ಹಸು ನೊಣ ಓಡಿಸಲು ತಲೆ ಕೊಡವುವಾಗ ಬರುವ ಸದ್ದಲ್ಲ ಅದು, ಬಿಟ್ಟೂ ಬಿಡದೆ ಕಟಕಟ ಅನ್ನುತ್ತಿತ್ತು. ಹೋಗಿ ನೋಡಿದರೆ ಹಸುವಿನ ಮೈ ಪೂರ್ತಿ ನಡುಗುತ್ತಿದೆ. ಬಾಯಿಂದ ನೊರೆ ಸುರಿಯುತ್ತಿದೆ. ಪಕ್ಕೆಗಳು ಮೇಲೆ ಕೆಳಗೆ, ಮೇಲೆ ಕೆಳಗೆ, ಓಡಿ ಬಂದ ಹಾಗೆ ಏದುಸಿರು. ಬಾನಿಯಲ್ಲಿ ನಾನು ಹಾಕಿದ್ದರಲ್ಲಿ ಅರ್ಧ ಹಾಗೇ ಇತ್ತು.

ಪಕ್ಕದ ಮನೆಯ ಆಚಾರರನ್ನು ಕೂಗಿದೆ. ಅವರು ಮರಗೆಲಸದವರು, ಕೆ.ಆರ್. ಪೇಟೆ, ನಾಗಮಂಗಲದವರೆಗೂ ಬಾಗಿಲು ಚೌಕಟ್ಟು ಮಾಡಿಕೊಟ್ಟು ಈಗ ವಯಸ್ಸಾಗಿ ಮನೆ ಮುಂದೆಯೇ ಮಣೆ, ಕಡೆಗೋಲು ಕೆತ್ತುತ್ತಾ ಕೂರುತ್ತಾರೆ. ಉಳಿ ಕೈಯಲ್ಲಿ ಹಿಡಿದೇ ಬಂದರು.

“ಒಟ್ಟೆ ಉಬ್ಬರ್ಸೈತೇನೋ ಕಣವ್ವ. ಎಣ್ಣೆ ಕುಡ್ಸುವ ತಾ.”

ಹಸುವಿನ ಎಡಪಕ್ಕೆ ಒತ್ತಿ ನೋಡಿದರು. ಉಬ್ಬಿರಲಿಲ್ಲ. ಆಚಾರರು ಹಣೆ ಉಜ್ಜಿಕೊಂಡರು. “ಇದು ಉಬ್ಬರ ಅಲ್ಲ. ದನದ ಡಾಕ್ಟ್ರಿಗೆ ಫೋನ್ ಮಾಡು.”

ನಂಬರು ಗೋಡೆಯ ಮೇಲೆ ಅತ್ತೆ ಮಸಿಯಲ್ಲಿ ಬರೆದಿಟ್ಟಿದ್ದರು. ಡಾಕ್ಟರು ತೊಣ್ಣೂರಿನಲ್ಲಿ ಒಂದು ಹಸುವಿನ ಹೆರಿಗೆ ಮುಗಿಸಿ ಕೈ ತೊಳೆಯುತ್ತಿದ್ದರಂತೆ. ಏನು ಹಾಕಿದಿರಿ ಅಂದರು. ಹಸಿಮೇವು ಅಂದೆ. ಯಾವ ಹಸಿಮೇವು ಅಂದರು. ಹಿತ್ತಲದ್ದು ಅಂದೆ. ಅವರಿಗೆ ಸಿಟ್ಟು ಬಂತು. “ಮೇಡಂ, ಹಿತ್ತಲದ್ದು ಅಂದ್ರೆ ನಂಗೇನು ಗೊತ್ತಾಗುತ್ತೆ? ಒಂದು ಫೋಟೋ ಕಳಿಸಿ.” ನಾನು ಅದಾಗಲೇ ಹೊಡೆದಿದ್ದ ಫೋಟೋ ಕಳಿಸಿದೆ. ಒಂದು ನಿಮಿಷ ಆಗಿರಲಿಕ್ಕಿಲ್ಲ, ಫೋನು ಬಂತು.

“ಇದು ಜೋಳದ ಕೂಳೆ ಅಲ್ವಾ? ಎಷ್ಟು ಹೊತ್ತಾಯ್ತು ತಿಂದು?”

ಫೋಟೋದ ಮೇಲಿನ ಗಂಟೆ ನೋಡಿದೆ. “ಇಪ್ಪತ್ತೆರಡು ನಿಮಿಷ.”

“ಅದರಲ್ಲಿ ಸಯನೈಡ್ ಇರುತ್ತೆ ಮೇಡಂ. ಒಣಗಿ ಚಿಗುರಿದ ಜೋಳ ಯಾರಾದರೂ ಹಾಕ್ತಾರಾ? ನಾನು ಹೊರಟೆ, ಅರ್ಧ ಗಂಟೆ ಆದರೂ ಬೇಕು. ಮೊದಲೆಲ್ಲ ಫೋಟೋ ಸ್ಟುಡಿಯೋದಲ್ಲಿ ಹೈಪೋ ಅಂತ ಸಿಗೋದು, ಅದನ್ನ ನೀರಲ್ಲಿ ಕರಗಿಸಿ ಕುಡಿಸಿದ್ರೆ ಸ್ವಲ್ಪ ತಡೆಯುತ್ತೆ. ಈಗ ಎಲ್ಲಿ ತರ್ತೀರಿ.”

ಹೈಪೋ. ಸೋಡಿಯಂ ಥಯೋಸಲ್ಫೇಟ್. ಹರಳುಗಟ್ಟುವುದನ್ನು ತೋರಿಸಲು ಹಿಂದಿನ ವರ್ಷ ನಾನೇ ತರಿಸಿದ್ದೆ. “ನಮ್ಮ ಶಾಲೆ ಲ್ಯಾಬಲ್ಲಿದೆ” ಅಂದೆ. ಎಷ್ಟು ಹಾಕಬೇಕು, ಎಷ್ಟು ನೀರು, ಹೇಗೆ ಕುಡಿಸಬೇಕು ಎಲ್ಲ ಡಾಕ್ಟರು ಒಂದೇ ಉಸಿರಿಗೆ ಹೇಳಿದರು. ಲ್ಯಾಬಿನ ಬೀಗದಕೈ ನನ್ನ ಬ್ಯಾಗಿನಲ್ಲೇ ಇತ್ತು. ಆಚಾರರನ್ನು ಹಸುವಿನ ಹತ್ತಿರ ನಿಲ್ಲಿಸಿ ಸ್ಕೂಟರು ಹತ್ತಿದೆ.

ಶಾಲೆ ಪಕ್ಕದ ಊರಲ್ಲಿ, ಐದು ನಿಮಿಷದ ದಾರಿ. ಎರಡೂ ಪಕ್ಕ ಕಬ್ಬು. ಗಾಳಿಯಿಲ್ಲದೆ ಅಲ್ಲಾಡದೆ ನಿಂತಿತ್ತು. ದಾರಿಯುದ್ದಕ್ಕೂ ನನಗೆ ನನ್ನದೇ ಪಾಠ ತಲೆಯೊಳಗೆ ಓಡುತ್ತಿತ್ತು. ಸಸ್ಯ ಓಡಲಾರದು, ಆದ್ದರಿಂದ ತನ್ನನ್ನು ತಾನು ಕಾಪಾಡಿಕೊಳ್ಳಲು ಮುಳ್ಳು, ಹಾಲು, ವಿಷ ಇಟ್ಟುಕೊಂಡಿರುತ್ತದೆ. ಇದನ್ನು ಪ್ರತಿ ವರ್ಷ ಹೇಳುತ್ತೇನೆ, ಉದಾಹರಣೆಗೆ ಎಕ್ಕ, ದತ್ತೂರ ಅನ್ನುತ್ತೇನೆ. ಎಳೆ ಜೋಳದ ಗಿಡ ವಿಷದ ಒಂದು ಭಾಗವನ್ನು ರಸದಾನಿಯಲ್ಲಿ ಬಚ್ಚಿಟ್ಟು, ಅದನ್ನು ಬಿಡಿಸುವ ಇನ್ನೊಂದು ಭಾಗವನ್ನು ಬೇರೆ ಕೋಣೆಯಲ್ಲಿ ಇಟ್ಟಿರುತ್ತದೆ. ಗೋಡೆ ಮುರಿಯದಿದ್ದರೆ ಗಿಡಕ್ಕೇನೂ ಆಗದು. ಹಲ್ಲು ಅಗಿದು ಗೋಡೆ ಮುರಿದಾಗ ಎರಡೂ ಸೇರುತ್ತವೆ. ಇದನ್ನೂ ಎಲ್ಲೋ ಓದಿದ್ದೆ. ಓದಿದ್ದವಳಿಗೆ ಹಿತ್ತಲಲ್ಲಿ ನಿಂತಾಗ ನೆನಪಾಗಲಿಲ್ಲ. ಓದದ ಅತ್ತೆಗೆ ಗೊತ್ತಿತ್ತು, ಊರಲ್ಲಿ ದನ ಸಾಕಿದವರಿಗೆಲ್ಲ ಗೊತ್ತಿತ್ತು. ಒಲೆಯೊಳಗೆ ಕೈ ಇಡಬೇಡ ಅನ್ನುವುದಕ್ಕೆ ಯಾರಾದರೂ ಕಾರಣ ಹೇಳುತ್ತಾರಾ? ಹಾಗೆಯೇ ಅತ್ತೆ ನನಗೆ ಕಾರಣ ಹೇಳಿರಲಿಲ್ಲ. ಸ್ಕೂಟರಿನ ಮೇಲೆ ನನ್ನನ್ನು ನಾನು ಬಾಯಿಗೆ ಬಂದಂತೆ ಬೈದುಕೊಂಡೆ.

ಲ್ಯಾಬಿನ ಬೀಗ ಮೂರು ಸಲ ತಪ್ಪಿ ನಾಲ್ಕನೆಯ ಸಲ ತೆರೆಯಿತು. ಬೀರುವಿನ ಮೇಲಿನ ಸಾಲಿನಲ್ಲಿ ಬಿಳಿ ಹರಳಿನ ಬಾಟಲಿಗಳು ಐದಾರು. ಎಲ್ಲವೂ ನೋಡಲು ಒಂದೇ ಥರ. ಹಳೆಯ ಚೀಟಿಗಳು ಹರಿದುಹೋಗಿವೆ ಅಂತ ನಾನೇ ಬೇಸಿಗೆ ರಜೆಗೆ ಮುಂಚೆ ಕೂತು ಹೊಸ ಚೀಟಿ ಅಂಟಿಸಿದ್ದೆ. ಸೋಡಿಯಂ ಥಯೋಸಲ್ಫೇಟ್ ಅಂತ ನನ್ನದೇ ದುಂಡನೆಯ ಅಕ್ಷರ. ಅದನ್ನು ನೋಡಿಯೂ ನಂಬಿಕೆ ಬರಲಿಲ್ಲ. ಅವತ್ತು ಮಾತಾಡುತ್ತಾ ಅಂಟಿಸಿದ್ದೆನಾ? ಪಕ್ಕದ ಬಾಟಲಿಯದನ್ನು ಇದಕ್ಕೆ ಅಂಟಿಸಿರಬಹುದಾ? ಬೆಳಿಗ್ಗೆ ಕೂಳೆ ಕೂಳೆಯೇ ಅಂದುಕೊಂಡಿದ್ದವಳು ನಾನು, ಬಿಳಿ ಹರಳೆಲ್ಲ ಒಂದೇ ಅಂದುಕೊಂಡಿದ್ದರೆ? ಬಾಟಲಿ ತಿರುಗಿಸಿದೆ. ಹಿಂದೆ ಅಂಗಡಿಯವರ ಹಳೆಯ ಚೀಟಿಯ ಅರ್ಧ ಉಳಿದಿತ್ತು. ಅದರಲ್ಲೂ ಅದೇ ಹೆಸರಿನ ಕೊನೆಯ ಅಕ್ಷರಗಳು. ಅಷ್ಟನ್ನು ಮೂರು ಸಲ ಓದಿ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿದೆ.

ಬರುವಾಗ ಗಂಡನಿಗೆ ಫೋನು ಮಾಡಲೇ ಅಂತ ಒಂದು ಸಲ ಸ್ಕೂಟರು ನಿಲ್ಲಿಸಿದ್ದು ನಿಜ. ಮಾಡಲಿಲ್ಲ. ಪಕ್ಕದಲ್ಲಿ ಅತ್ತೆ ಇರುತ್ತಾರೆ. ದೇವರ ಮುಂದೆ ಕೈ ಮುಗಿದು ನಿಂತಿರುವವರಿಗೆ, ಇದೇ ಹಸುವಿಗಾಗಿ ನಿಂತಿರುವವರಿಗೆ, ನಿಮ್ಮ ಹಸುವಿಗೆ ನಾನು ವಿಷ ತಿನ್ನಿಸಿದೆ ಅಂತ ಹೇಗೆ ಹೇಳಲಿ. ಜೊತೆಗೆ ಇನ್ನೊಂದು ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅವರು ಬರುವುದರೊಳಗೆ ಸರಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಆಸೆ.

ಮನೆಗೆ ಬಂದಾಗ ಹಸು ನೆಲಕ್ಕೆ ಬಿದ್ದಿತ್ತು. ಆಚಾರರು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಸರಪಳಿ ಬಿಚ್ಚಿದ್ದರು.

“ಬಿದ್ಬುಡ್ತು ಕಣವ್ವ. ತಲೆ ಎತ್ತಿ ಇಡ್ಕೊಂಡಿವ್ನಿ.”

ಹಸುವಿನ ಕಣ್ಣಿನ ಒಳರೆಪ್ಪೆ ಬಿಡಿಸಿ ನೋಡಿದೆ. ಕೆಂಪಗೆ ಹೊಳೆಯುತ್ತಿತ್ತು. ಉಸಿರುಗಟ್ಟುವ ಜೀವದ ರಕ್ತ ಕಪ್ಪಾಗಬೇಕು, ಇದರದ್ದು ಇನ್ನೂ ಕೆಂಪಾಗುತ್ತಿತ್ತು. ಗಾಳಿ ಒಳಗೆ ಹೋಗುತ್ತಿದೆ, ರಕ್ತ ಅದನ್ನು ಹೊತ್ತು ಮೈಯೆಲ್ಲ ಸುತ್ತುತ್ತಿದೆ, ಜೀವಕೋಶಗಳು ತೆಗೆದುಕೊಳ್ಳಲಾರದೆ ಬಾಗಿಲಲ್ಲೇ ವಾಪಸು ಕಳಿಸುತ್ತಿವೆ. ಅಷ್ಟು ಉಸಿರಾಡಿಯೂ ಅದು ಉಸಿರಿಲ್ಲದೆ ಸಾಯುತ್ತಿತ್ತು. ಇದೆಲ್ಲ ಗೊತ್ತಾಗುವುದಕ್ಕಿಂತ ಏನೂ ಗೊತ್ತಾಗದಿದ್ದರೇ ವಾಸಿ ಅನ್ನಿಸಿತು ನನಗೆ.

ಡಾಕ್ಟರು ಹೇಳಿದ ಲೆಕ್ಕಕ್ಕೆ ಹರಳು ತೂಗಲು ಮನೆಯಲ್ಲಿ ತಕ್ಕಡಿ ಎಲ್ಲಿಂದ ಬರಬೇಕು. ಚಮಚದಲ್ಲಿ ಅಳೆದು ನೀರಿಗೆ ಹಾಕಿದೆ. ಆಚಾರರು ತಮ್ಮ ಮನೆಯಿಂದ ಗೊಟ್ಟ ತಂದಿದ್ದರು, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ, ತುದಿ ಓರೆಯಾಗಿ ಕೆತ್ತಿ ನಯ ಮಾಡಿದ್ದು. “ಒಂದೇ ಸಲಕ್ಕೆ ಉಯ್ಬ್ಯಾಡ. ಶ್ವಾಸಕ್ಕೋದ್ರೆ ಅಲ್ಲೇ ಓಯ್ತದೆ. ಅದು ನುಂಗ್ಲಿ, ನುಂಗುದ್ಮೇಲೆ ಇನ್ನೊಂದಿಷ್ಟು.” ಅವರು ದವಡೆ ಹಿಡಿದು ಬಾಯಿ ಬಿಡಿಸಿದರು, ನಾನು ಗೊಟ್ಟ ಇಟ್ಟು ಹನಿಹನಿಯಾಗಿ ಬಿಟ್ಟೆ. ಗಂಟಲು ಅಲ್ಲಾಡಲಿಲ್ಲ. ಕಾದೆವು. ಆಮೇಲೆ ಒಂದು ಗುಟುಕು ಇಳಿಯಿತು. ಮತ್ತೆ ಬಿಟ್ಟೆ, ಮತ್ತೆ ಕಾದೆವು. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು.

ಆಚಾರರು ಹಸುವಿನ ಕಿವಿ ಸವರುತ್ತಾ ತಮ್ಮಷ್ಟಕ್ಕೆ ಅಂದರು. “ಮರ ಆಗಿದ್ರೆ ಒಂದು ಕೊಂಬೆ ಒಣುಗುದ್ರೆ ಇನ್ನೊಂದ್ರಲ್ಲಿ ಜೀವ ಇರ್ತದೆ. ಬುಡಕ್ಕೆ ಕುಯ್ದಾಕುದ್ರೂ ವರ್ಸ ಬುಟ್ಟು ಚಿಗುರ್ತದೆ. ಇದು ಅಂಗಲ್ಲ ನೋಡು. ಎಲ್ಲಕ್ಕೂ ಇರೋದು ಒಂದೇ ಉಸ್ರು.”

ಅಷ್ಟು ವರ್ಷ ಬರೆದ ನನ್ನ ಎರಡು ಪಟ್ಟಿಯಲ್ಲಿ ಇದು ಹೀಗೆ ಯಾವತ್ತೂ ಬಂದಿರಲಿಲ್ಲ. ಒಂದೇ ಉಸಿರು ಅಲ್ಲ, ಅದರೊಳಗೆ ಇನ್ನೊಂದಿದೆ ಅನ್ನುವುದು ನೆನಪಾಯಿತು. ತಾಯಿ ಉಸಿರಾಡಿದ್ದರಲ್ಲೇ ಆ ಕರುವೂ ಬದುಕಬೇಕು.

ಡಾಕ್ಟರು ಬಂದದ್ದು ಯಾವಾಗ ಅಂತ ನನಗೆ ಈಗಲೂ ಸರಿಯಾಗಿ ನೆನಪಿಲ್ಲ. ಬೈಕು ನಿಲ್ಲಿಸುವುದಕ್ಕೂ ಪುರುಸೊತ್ತಿಲ್ಲದೆ ಗೋಡೆಗೆ ಒರಗಿಸಿ ಬಂದರು. ಕುತ್ತಿಗೆಯ ರಕ್ತನಾಳ ಹುಡುಕಿ ಸೂಜಿ ಚುಚ್ಚಿ ನಿಧಾನವಾಗಿ, ತೀರಾ ನಿಧಾನವಾಗಿ ಔಷಧಿ ಬಿಟ್ಟರು. ಒಂದಾದ ಮೇಲೆ ಇನ್ನೊಂದು. ನಾನು ಪಕ್ಕೆಯ ಏರಿಳಿತ ಎಣಿಸುತ್ತಾ ಕೂತೆ. ಎಣಿಸುವುದು ತಪ್ಪಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಉಸಿರಿನ ನಡುವೆ ಸ್ವಲ್ಪ ಬಿಡುವು ಬಂತು. ನಡುಕ ಹಿಂಗಾಲಿಗಷ್ಟೇ ಉಳಿಯಿತು. ಹಸು ತಲೆಯನ್ನು ಆಚಾರರ ತೊಡೆಯಿಂದ ತಾನೇ ಎತ್ತಿತು. ಮೂರು ಗಂಟೆಯ ಹೊತ್ತಿಗೆ ಎರಡು ಸಲ ಮುಗ್ಗರಿಸಿ, ಮೂರನೆಯ ಸಲಕ್ಕೆ ಎದ್ದು ನಿಂತಿತು.

“ಪುಣ್ಯ ಮಾಡಿದ್ದೀರಿ. ಅರ್ಧ ಬಿಟ್ಟಿದೆ ಬಾನಿಯಲ್ಲಿ, ಹೈಪೋ ಬೇರೆ ಬೇಗ ಸಿಕ್ಕಿತು” ಅಂದರು ಡಾಕ್ಟರು, ಕೈ ಒರೆಸಿಕೊಳ್ಳುತ್ತಾ.

“ಕರು?”

“ಈಗ ಹೇಳಕ್ಕಾಗಲ್ಲ ಮೇಡಂ. ಎಂಟು ದಿನ ನೋಡಬೇಕು. ಗರ್ಭ ಇಳಿದು ಕಂದು ಹಾಕದೆ, ಒಳಗೆ ಅಲ್ಲಾಡ್ತಾ ಇದ್ದರೆ ಸರಿ.” ಗೋಡೆಗೆ ಒರಗಿಸಿದ್ದ ಬೈಕು ತೆಗೆದುಕೊಂಡು ಹೊರಟರು.

ನಾನು ಬಾನಿಯಲ್ಲಿ ಉಳಿದ ಕೂಳೆಯನ್ನು ಬಾಚಿ ತಿಪ್ಪೆಗುಂಡಿಗೆ ಎಸೆದು ಮೇಲೆ ಸಗಣಿ ಮುಚ್ಚಿದೆ. ಕೊಟ್ಟಿಗೆ ತೊಳೆದೆ. ಸೀರೆ ಬದಲಾಯಿಸಿದೆ. ಆಚಾರರು ತಮ್ಮ ಗೊಟ್ಟ ತೊಳೆದುಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು.

“ನಾನಂತೂ ಬಾಯಿ ಬುಡಾಕಿಲ್ಲ ಕಣವ್ವ. ಏಳೋದು ಬುಡೋದು ನಿನ್ನಿಷ್ಟ.”

ಅವರು ಹಾಗೆ ಅಂದದ್ದಕ್ಕೇ ನನಗೆ ಇನ್ನಷ್ಟು ನಾಚಿಕೆಯಾಯಿತು. ಆದರೂ ಮನಸ್ಸಿನಲ್ಲಿ ಮಾತು ಜೋಡಿಸುತ್ತಲೇ ಇದ್ದೆ. ಬಿಸಿಲಿಗೆ ಸ್ವಲ್ಪ ಸುಸ್ತಾಗಿತ್ತು ಅತ್ತೆ, ಡಾಕ್ಟರು ಬಂದು ನೋಡಿದರು, ಏನಿಲ್ಲ ಅಂದರು. ನಾಲ್ಕು ಸಲ ಒಳಗೇ ಹೇಳಿ ನೋಡಿದೆ. ಸರಾಗವಾಗಿ ಬರುತ್ತಿತ್ತು.

ಅತ್ತೆ ಬಂದರು. ಹಣೆ ತುಂಬ ಕುಂಕುಮ, ಕೈಯಲ್ಲಿ ಪ್ರಸಾದದ ಪೊಟ್ಟಣ. ಮನೆಯೊಳಗೆ ಹೋಗದೆ ಚಪ್ಪಲಿ ಬಿಟ್ಟು ನೆಟ್ಟಗೆ ಕೊಟ್ಟಿಗೆಗೆ ಹೋದರು, ಕುಂಕುಮ ಹಸುವಿನ ಹಣೆಗೆ ಹಚ್ಚಲು. ಹಚ್ಚಲು ಎತ್ತಿದ ಕೈ ಅಲ್ಲೇ ನಿಂತಿತು. ಕುತ್ತಿಗೆಯ ಸೂಜಿ ಗುರುತು ನೋಡಿದರು. ಕಿವಿ ಮುಟ್ಟಿ ನೋಡಿದರು. ಹೊತ್ತಲ್ಲದ ಹೊತ್ತಿನಲ್ಲಿ ತೊಳೆದ ನೆಲ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

ಜೋಡಿಸಿಟ್ಟಿದ್ದ ಮಾತು ಒಂದೂ ಬರಲಿಲ್ಲ. ಫೋನು ತೆಗೆದು ಆ ಫೋಟೋ ಅವರ ಮುಂದೆ ಹಿಡಿದೆ. ಸಂಜೆ ತೋರಿಸಬೇಕು ಅಂತ ಹೊಡೆದಿದ್ದೇ ಅಲ್ಲವಾ.

ಅತ್ತೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಫೋಟೋದಲ್ಲಿ ನನ್ನ ಕೈ, ಕೈಯಲ್ಲಿ ಹಸಿರು ಚಿಗುರು, ಅದರ ಮೇಲೆ ಹಸುವಿನ ನಾಲಿಗೆ.

“ಎಷ್ಟು ಆಕ್ದೆ?”

“ಒಂದು ತೆಕ್ಕೆ. ಅರ್ಧ ತಿಂತು.”

“ಅದಾಗೇ ತಿಂತಾ?”

ಆ ಪ್ರಶ್ನೆ ನಾನು ನಿರೀಕ್ಷಿಸಿರಲಿಲ್ಲ. “ಇಲ್ಲ ಅತ್ತೆ. ಮೊದಲು ಬೇಡ ಅಂತು. ನಾನೇ ತಿನ್ನಿಸಿದೆ” ಅಂದೆ. ಅಂದ ಮೇಲೆ ಅಳು ತಡೆಯಲಾಗಲಿಲ್ಲ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆನೋ ಏನೋ, ನನಗೆ ಅದು ಚೆನ್ನಾಗಿ ಬರುತ್ತದೆ. ಫೋನು ನನ್ನ ಕೈಗೆ ಕೊಟ್ಟು, ಹಸುವಿಗೆ ಕುಂಕುಮ ಹಚ್ಚಿ, ಒಳಗೆ ಹೋದರು. ಐದು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ತಿನ್ನುತ್ತಿದ್ದರು, ಎದ್ದು ಹೋಗುತ್ತಿದ್ದರು. ನನ್ನ ಗಂಡ ಮರುದಿನವೇ ಗುದ್ದಲಿ ಹಿಡಿದು ಹಿತ್ತಲ ಜೋಳದ ಬುಡವೆಲ್ಲ ಅಗೆದು ಹಾಕಿದರು. ಮೂರನೆಯ ದಿನ ಕಿಂಡಿಯಲ್ಲಿ ನೋಡಿದರೆ ಬೇಲಿ ಪಕ್ಕ ಅವರ ಕಣ್ಣಿಗೆ ಬೀಳದ ಒಂದು ಬುಡದಲ್ಲಿ ಮತ್ತೆ ಹಸಿರು ಇಣುಕುತ್ತಿತ್ತು. ಬುಡದಲ್ಲೊಂದು ಗಿಣ್ಣು ಉಳಿದರೆ ಸಾಕು ಅದಕ್ಕೆ. ನಾನು ಹೋಗಿ ಬೇರು ಸಮೇತ ಕಿತ್ತೆ, ಮಣ್ಣು ಕೆದಕಿ ಇನ್ನೇನಾದರೂ ಉಳಿದಿದೆಯಾ ನೋಡಿದೆ.

ಆ ದಿನಗಳಲ್ಲಿ ಶಾಲೆಯಲ್ಲೂ ನನಗೆ ನೆಮ್ಮದಿಯಿರಲಿಲ್ಲ. ಫೋನು ಅಲ್ಲಾಡಿದರೆ ಮನೆಯಿಂದ ಬಂತು, ಕಂದು ಹಾಕಿತು ಅಂದುಕೊಳ್ಳುತ್ತಿದ್ದೆ. ಸಂಜೆ ಮನೆಗೆ ಬಂದರೆ ಅತ್ತೆ ಹಸುವಿನ ಪಕ್ಕೆಗೆ ಕೈಯಿಟ್ಟು ನಿಂತಿರುತ್ತಿದ್ದರು. ನಾನು ಬಾಗಿಲಿನಿಂದ ಅವರ ಮುಖ ನೋಡುತ್ತಿದ್ದೆ. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಕೈ ತೆಗೆದು ಒಳಗೆ ಹೋಗುತ್ತಿದ್ದರು. ಒದೆಯಿತಾ ಅಂತ ಕೇಳಲು ನನಗೆ ಯಾವ ಮುಖವಿದೆ? ಒದ್ದಿದ್ದರೆ ಮನೆಯಲ್ಲಿ ಒಂದಾದರೂ ಒಳ್ಳೆಯ ಮಾತು ಕೇಳುತ್ತಿತ್ತಲ್ಲ ಅಂತ ನಾನೇ ಲೆಕ್ಕ ಹಾಕಿ ಹೆದರುತ್ತಿದ್ದೆ.

ಆರನೆಯ ದಿನ ಸಂಜೆ ಬ್ಯಾಗು ಇಡುವ ಮೊದಲೇ ಕೊಟ್ಟಿಗೆಯಿಂದ ಅತ್ತೆಯ ದನಿ ಬಂತು.

“ಬಾ ಇಲ್ಲಿ.”

ಹೋದೆ. ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಹಸುವಿನ ಬಲಪಕ್ಕೆಗೆ ಒತ್ತಿದರು. “ಗಟ್ಟಿಯಾಗಿ ಒತ್ತು. ಎದರ್ಬ್ಯಾಡ.” ಒತ್ತಿದೆ. ಬೆಚ್ಚಗಿನ ಚರ್ಮ, ಒಳಗೆ ಹೊಟ್ಟೆಯ ಗುಡುಗುಡು. ಬೇರೇನೂ ಇಲ್ಲ. ನನಗೆ ನನ್ನ ನಾಡಿಯೇ ಕೇಳಿಸುತ್ತಿತ್ತು. ಎಷ್ಟು ಹೊತ್ತೋ ಹಾಗೇ ನಿಂತೆ. ತೋಳು ಸೋತು ಕೈ ತೆಗೆಯೋಣ ಅನ್ನುವಷ್ಟರಲ್ಲಿ ಒಳಗಿನಿಂದ ಏನೋ ಗಡುಸಾದದ್ದು ನನ್ನ ಅಂಗೈಯನ್ನು ಒಮ್ಮೆ ತಳ್ಳಿತು.

“ನೆನ್ನೆಯಿಂದ ಒದಿತಾ ಐತೆ” ಅಂದರು ಅತ್ತೆ. “ಅದುಕ್ ಮುಂಚೆ ನಾಕು ದಿನ ಇರ್ಲಿಲ್ಲ.”

ಅಷ್ಟೂ ದಿನ ಅವರು ಮಾತಾಡದೆ ಇದ್ದದ್ದು ನನ್ನ ಮೇಲಿನ ಸಿಟ್ಟಿಗೆ ಅಂತ ನಾನು ಅಂದುಕೊಂಡಿದ್ದೆ. ಅವರೂ ನನ್ನ ಹಾಗೆ ಹೆದರಿಕೊಂಡಿದ್ದರು ಅಷ್ಟೆ.

ಅತ್ತೆ ಪಕ್ಕದಲ್ಲಿದ್ದ ಕಬ್ಬಿನ ಸೋಗೆಯ ಕಟ್ಟನ್ನು ಎತ್ತಿ ನನ್ನ ತೋಳಿಗೆ ಹಾಕಿದರು. “ತಿನ್ಸು” ಅಂದರು.

ನನಗೆ ಬೇಡವಾಗಿತ್ತು. ಹಸು ನನ್ನನ್ನು ನೋಡಿ ಹಿಂದೆ ಸರಿಯುತ್ತದೆ, ಮುಖ ತಿರುಗಿಸುತ್ತದೆ, ಅದೇ ನ್ಯಾಯ ಅಂದುಕೊಂಡು ನಿಂತೆ. ನಿಜವಾಗಿ ಹೇಳುತ್ತೇನೆ, ಅದು ಹಾಗೆ ಮಾಡಲಿ ಅಂತ ಬೇಡಿಕೊಂಡೆ. ಆದರೆ ಹಸು ನನ್ನ ಕಡೆ ಕುತ್ತಿಗೆ ಚಾಚಿತು. ಅವತ್ತಿನಷ್ಟು ಅನುಮಾನವೂ ಇರಲಿಲ್ಲ. ಮೂಸಿ ಕೂಡ ನೋಡದೆ ನಾಲಿಗೆ ಹೊರಗೆ ಹಾಕಿ ನನ್ನ ಕೈಗಾಗಿ ಕಾದಿತು.

ನಾನು ಕಟ್ಟನ್ನು ನೆಲಕ್ಕಿಳಿಸಿ ಒಂದೊಂದೇ ಗರಿ ಬಿಡಿಸಿ, ತಿರುಗಿಸಿ ನೋಡತೊಡಗಿದೆ. ಅತ್ತೆಯೇ ತಂದದ್ದು, ಅವರೇ ಕುಯ್ದದ್ದು, ಆದರೂ ನೋಡಿದೆ. ಹಸು ಅಷ್ಟೂ ಹೊತ್ತು ಬಾಯಿ ಬಿಟ್ಟುಕೊಂಡು ನಿಂತಿತ್ತು. ಅತ್ತೆ ಅವಸರ ಮಾಡಲಿಲ್ಲ. ಗೂಟಕ್ಕೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದವರು ಮೆಲ್ಲಗೆ ಅಂದರು.

“ಅಂಗೇ ನೋಡಿ ಕೊಡು ಕಣವ್ವ. ಇನ್ಮೇಲೆ ಅದು ನೋಡಾಕಿಲ್ಲ. ನೀನ್ ಏನ್ ಕೊಟ್ರೂ ತಿಂತದೆ.”